ಓದಿನ ಕಷ್ಟಕ್ಕೆ ಅಳತೆಗೋಲು

(ರಾಜ್ಯೋತ್ಸವದ ಅಂಗವಾಗಿ ಚಾಣಕ್ಯಪುರಿಯಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸ)



ರಾಜ್ಯೋತ್ಸವದ ವೇದಿಕೆಯಿಂದ ನಾಡಿನ ಹಿರಿಮೆಯನ್ನೂ ನುಡಿಯ ಹಳಮೆಯನ್ನೂ ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನನಗಿಂತ ಚೆನ್ನಾಗಿ ಆಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದಕಾರಣ ನಾನು ಇಂದು ಒಂದು ಸಣ್ಣ ವಿಷಯವನ್ನು, ಮನೆಯೊಳಗಿನ ವಿಷಯವನ್ನು, ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ.

ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಊರಿನಲ್ಲಿರುವ ಅಜ್ಜಿಯೊಡನೆ ಫೋನಿನಲ್ಲಿ ಹರಟೆ ಹೊಡೆಯುತ್ತಾರೆ. ಅದೇ ಮಕ್ಕಳ ಕೈಗೆ ಕನ್ನಡದ ಪುಸ್ತಕವನ್ನು ಕೊಟ್ಟರೆ ಎರಡು ಸಾಲು ಓದಿ ಕೆಳಗಿಡುತ್ತಾರೆ. ಏಕೆಂದು ಕೇಳಿದರೆ ಬರುವ ಉತ್ತರ ಒಂದೇ: 'ಕಷ್ಟ.' ತಾಯಿತಂದೆಗಳು ಈ ಮಾತಿಗೆ ಎರಡು ಬಗೆಯ ಅರ್ಥ ಮಾಡುತ್ತಾರೆ. ಕೆಲವರು 'ನಮ್ಮ ಮಗುವಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ' ಎನ್ನುತ್ತಾರೆ. ಕೆಲವರು 'ಕನ್ನಡದ ಲಿಪಿಯೇ ಕಷ್ಟ, ಪರಸ್ಥಳದಲ್ಲಿ ಅದು ಹತ್ತುವುದಿಲ್ಲ' ಎನ್ನುತ್ತಾರೆ. ಎರಡೂ ತೀರ್ಪುಗಳು ವಿಚಾರಣೆಯಿಲ್ಲದೆ ಕೊಟ್ಟ ತೀರ್ಪುಗಳು. ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟಿ ನೋಡುತ್ತೇವೆ, ಬಳಿಕ ಉಷ್ಣಮಾಪಕವನ್ನು ಇಟ್ಟು ನೋಡುತ್ತೇವೆ, ಆಮೇಲೆ ಔಷಧದ ಮಾತು. ಹಾಗೆಯೇ ಈ 'ಕಷ್ಟ'ವನ್ನೂ ಅಳೆದು ನೋಡಬಹುದೆ? ಅಳೆಯುವುದಾದರೆ ಯಾವ ಕೋಲಿನಿಂದ? ಇದೇ ಇಂದಿನ ನನ್ನ ವಿಷಯ.

ಬರಹ ಸುಲಭವಾಗಿರಬೇಕೆಂಬ ಚಿಂತೆ ಹೊಸದೇನೂ ಅಲ್ಲ. ನಾವು ಸೇರಿರುವ ಈ ಬಡಾವಣೆಯ ಹೆಸರು ಚಾಣಕ್ಯಪುರಿ; ನಮ್ಮ ಕರ್ನಾಟಕ ಭವನವಿರುವ ರಸ್ತೆಯ ಹೆಸರು ಕೌಟಿಲ್ಯ ಮಾರ್ಗ. ಆ ಕೌಟಿಲ್ಯನ 'ಅರ್ಥಶಾಸ್ತ್ರ'ವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದು, ಅದರ ಪೂರ್ಣಪಾಠವು ಲೋಕಕ್ಕೆ ಮತ್ತೆ ದೊರೆತದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗರಿಯ ಕಟ್ಟನ್ನು ೧೯೦೫ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. ೧೯೦೯ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರು; ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂದಿತು.

ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳನ್ನು ಬರೆಯುವ ಕ್ರಮವನ್ನು ಹೇಳುವ ಒಂದು ಅಧ್ಯಾಯವಿದೆ. ಮುಖ್ಯವಾದ ಸಂಗತಿಯನ್ನು ಮೊದಲು ಹೇಳಬೇಕು; ಮುಂದಿನ ಮಾತು ಹಿಂದಿನ ಮಾತಿಗೆ ವಿರೋಧವಾಗಬಾರದು; ಕಡಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಸ್ಪಷ್ಟತೆ ಎಂದರೇನು ಎಂಬ ಪ್ರಶ್ನೆಗೆ ಅವನ ಉತ್ತರ ಬಹಳ ಸರಳ: ಜನರಿಗೆ ಪರಿಚಿತವಾದ ಶಬ್ದಗಳನ್ನು ಬಳಸುವುದೇ ಸ್ಪಷ್ಟತೆ. ಇಷ್ಟಕ್ಕೇ ನಿಲ್ಲದೆ, ಶಬ್ದಗಳನ್ನು ಗುಂಪು ಮಾಡುವಾಗ ಒಂದು ಗುಂಪಿನಲ್ಲಿ ಒಂದಕ್ಕಿಂತ ಕಡಮೆಯಿಲ್ಲದೆ ಮೂರಕ್ಕಿಂತ ಹೆಚ್ಚಿಲ್ಲದೆ ಪದಗಳಿರಬೇಕು ಎಂದು ಲೆಕ್ಕವನ್ನೇ ಕೊಟ್ಟಿದ್ದಾನೆ. ಬರಹದ ದೋಷಗಳನ್ನು ಎಣಿಸುವಾಗ ಕಪ್ಪಾದ ಓಲೆ, ಅಂದಗೆಟ್ಟು ಮಾಸಿಹೋದ ಅಕ್ಷರ ಇವನ್ನೂ ಬಿಟ್ಟಿಲ್ಲ; ಎಲ್ಲಿ ಪದಗಳನ್ನು ಕೂಡಿಸಬೇಕೋ ಅಲ್ಲಿ ಬಿಡಿಸುವುದು, ಎಲ್ಲಿ ಬಿಡಿಸಬೇಕೋ ಅಲ್ಲಿ ಕೂಡಿಸುವುದು ಇದನ್ನೂ ಒಂದು ದೋಷವೆಂದು ಹೇಳಿದ್ದಾನೆ. ಕಣ್ಣಿಗೆ ಕಾಣುವ ಅಕ್ಷರ, ಪದದ ಪರಿಚಯ, ಪದಗಳ ಜೋಡಣೆ, ಸಂಗತಿಗಳ ಕ್ರಮ, ಈ ನಾಲ್ಕೂ ಅವನ ಗಮನಕ್ಕೆ ಬಂದಿದ್ದವು. ಈ ನಾಲ್ಕನ್ನು ತಾವು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಕನ್ನಡದಲ್ಲಿಯೂ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು, ಸಂಸ್ಕೃತವನ್ನೂ ಕನ್ನಡವನ್ನೂ ಹದವರಿಯದೆ ಬೆಸೆದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಕೆಡುತ್ತದೆಂಬ ಎಚ್ಚರಿಕೆಯನ್ನು ಕೊಟ್ಟಿತು. ಅಂದಿನಿಂದ ಇಂದಿನವರೆಗೆ 'ತಿಳಿಗನ್ನಡ' ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಆದರೆ ತಿಳಿಯೆಷ್ಟು, ಕದಡೆಷ್ಟು ಎಂದು ಅಳೆಯುವ ಕೆಲಸ ನಡೆದಿರಲಿಲ್ಲ.

ಅಳೆಯುವ ಕೆಲಸವನ್ನು ಕೈಗೊಂಡವರು ಅಮೆರಿಕದವರು. ೧೯೨೧ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ಪುಸ್ತಕಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆಂದು ಎಣಿಸಿ, ಹತ್ತು ಸಾವಿರ ಇಂಗ್ಲಿಷ್ ಪದಗಳ ಪಟ್ಟಿಯನ್ನು ಶಿಕ್ಷಕರಿಗಾಗಿ ಪ್ರಕಟಿಸಿದರು. ಹೆಚ್ಚು ಸಲ ಬರುವ ಪದ ಸುಲಭ, ಅಪರೂಪಕ್ಕೆ ಬರುವ ಪದ ಕಠಿಣ ಎಂಬುದು ಇದರ ಹಿಂದಿನ ವಿಚಾರ. ೧೯೪೮ರಲ್ಲಿ ರುಡಾಲ್ಫ್ ಫ್ಲೆಶ್ ಎಂಬವರು ಒಂದು ಸೂತ್ರವನ್ನೇ ಕೊಟ್ಟರು. ಇವರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವರು. ಇಂಗ್ಲಿಷು ಅವರ ತಾಯಿನುಡಿಯಲ್ಲ. ಅವರ ಸೂತ್ರದಲ್ಲಿ ಎಣಿಸಬೇಕಾದವು ಎರಡೇ: ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ, ಒಂದು ಪದಕ್ಕೆ ಸರಾಸರಿ ಎಷ್ಟು ಉಚ್ಚಾರದ ತುಣುಕು. ಮೊದಲನೆಯದನ್ನು ೧.೦೧೫ರಿಂದಲೂ ಎರಡನೆಯದನ್ನು ೮೪.೬ರಿಂದಲೂ ಗುಣಿಸಿ, ಎರಡನ್ನೂ ೨೦೬.೮೩೫ರಿಂದ ಕಳೆಯಬೇಕು. ಉಳಿದ ಅಂಕ ೬೦ರಿಂದ ೭೦ರ ನಡುವೆ ಇದ್ದರೆ ಸಾಮಾನ್ಯ ಜನರಿಗೆ ತಿಳಿಯುವ ಬರಹ. ೩೦ಕ್ಕಿಂತ ಕೆಳಗೆ ಹೋದರೆ ಪಂಡಿತರಿಗೆ ಮಾತ್ರ.

ಇದು ಬರಿಯ ವಿನೋದವೆಂದು ತಿಳಿಯಬೇಡಿ. ಫ್ಲಾರಿಡಾ ರಾಜ್ಯದ ಶಾಸನವು ವಿಮಾಪತ್ರಗಳ ಭಾಷೆ ಈ ಅಳತೆಯಲ್ಲಿ ೪೫ಕ್ಕೆ ಕಡಮೆಯಾಗಬಾರದೆಂದು ವಿಧಿಸಿದೆ. ಅಮೆರಿಕದ ನೌಕಾಪಡೆಯ ಕೈಪಿಡಿಗಳಿಗಾಗಿ ೧೯೭೫ರಲ್ಲಿ ಈ ಸೂತ್ರವನ್ನು ಶಾಲೆಯ ತರಗತಿಗಳ ಲೆಕ್ಕಕ್ಕೆ ಮಾರ್ಪಡಿಸಿದರು. ಯಂತ್ರವನ್ನು ದುರಸ್ತಿ ಮಾಡುವ ನಾವಿಕನಿಗೆ ಕೈಪಿಡಿ ತಿಳಿಯದಿದ್ದರೆ ಕೆಡುವುದು ಪರೀಕ್ಷೆಯ ಅಂಕವಲ್ಲ, ಹಡಗು. ಈಗಂತೂ ಕಂಪ್ಯೂಟರಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಇಂಗ್ಲಿಷ್ ಬರಹದ ಅಂಕ ಕ್ಷಣದಲ್ಲಿ ಬಂದುಬಿಡುತ್ತದೆ.

ಹಾಗಾದರೆ ಇದೇ ಕೋಲನ್ನು ತಂದು ಕನ್ನಡವನ್ನು ಅಳೆದರೆ ಏನಾಗುತ್ತದೆ? ಪ್ರಯೋಗ ಮಾಡಿ ನೋಡೋಣ. 'ಅಮ್ಮ ಮಗುವಿಗೆ ಹಾಲು ಕೊಟ್ಟಳು.' ಮೂರು ವರ್ಷದ ಕೂಸಿಗೂ ತಿಳಿಯುವ ವಾಕ್ಯ. ಪದಗಳು ನಾಲ್ಕು. ಉಚ್ಚಾರದ ತುಣುಕುಗಳು ಅಮ್ಮದಲ್ಲಿ ಎರಡು, ಮಗುವಿಗೆ ಎಂಬಲ್ಲಿ ನಾಲ್ಕು, ಹಾಲಿನಲ್ಲಿ ಎರಡು, ಕೊಟ್ಟಳು ಎಂಬಲ್ಲಿ ಮೂರು, ಒಟ್ಟು ಹನ್ನೊಂದು. ಪದಕ್ಕೆ ಸರಾಸರಿ ೨.೭೫. ಸೂತ್ರದಂತೆ ಗುಣಿಸಿ ಕಳೆದರೆ ಬರುವ ಅಂಕ ಸೊನ್ನೆಗಿಂತ ಸುಮಾರು ೩೦ ಕೆಳಗೆ! ಎಂದರೆ, ಅಮ್ಮ ಮಗುವಿಗೆ ಹಾಲು ಕೊಟ್ಟದ್ದು ಇಂಗ್ಲಿಷಿನ ಕಾನೂನು ಪುಸ್ತಕಕ್ಕಿಂತ ಕಠಿಣವೆಂದು ಆ ಕೋಲು ಹೇಳುತ್ತದೆ. ಕೋಲಿನ ತಪ್ಪಲ್ಲ, ಅಕ್ಕಿ ಅಳೆಯುವ ಸೇರಿನಿಂದ ಬಟ್ಟೆಯನ್ನು ಅಳೆಯಹೊರಟವರ ತಪ್ಪು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಸಣ್ಣ ಪದಗಳ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯಗಳು ಮಾಡುತ್ತವೆ. ಅವು ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಆದ್ದರಿಂದ ನಮ್ಮಲ್ಲಿ ಪದ ಉದ್ದವಾಗಿರುವುದು ಸಹಜಧರ್ಮವೇ ಹೊರತು ಕಾಠಿನ್ಯದ ಗುರುತಲ್ಲ.

ಭಾರತದ ಭಾಷೆಗಳಿಗೆ ಬೇರೆ ಅಳತೆ ಬೇಕೆಂಬುದನ್ನು ನಮ್ಮ ವಿದ್ವಾಂಸರೂ ಕಂಡುಕೊಂಡಿದ್ದಾರೆ. ಖರಗ್‌ಪುರದ ಐ.ಐ.ಟಿ.ಯವರು ೨೦೧೨ರಲ್ಲಿ ಬಂಗಾಳಿ ಮತ್ತು ಹಿಂದಿಗಳಿಗೆ ಹೊಸ ಮಾಪನಗಳನ್ನು ಪ್ರಕಟಿಸಿದಾಗ, ಇಂಗ್ಲಿಷಿನಲ್ಲಿಲ್ಲದ ಒಂದು ಅಂಶವನ್ನು ಲೆಕ್ಕಕ್ಕೆ ತಂದುಕೊಂಡರು. ಅದು ಸಂಯುಕ್ತಾಕ್ಷರಗಳ ಸಂಖ್ಯೆ. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮಕ್ಕಳನ್ನು ಪರೀಕ್ಷಿಸಿದ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಮಕ್ಕಳು ಬೇಗ ಕಲಿತು ಮುಗಿಸುತ್ತಾರೆ. ಕನ್ನಡದ ಅಕ್ಷರಗಳ ಕಲಿಕೆಯಾದರೋ ಮೂರನೆಯ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ವರ್ಣಮಾಲೆಯಲ್ಲಿ ಸುಮಾರು ಐವತ್ತು ಅಕ್ಷರಗಳಾದರೂ ಕಾಗುಣಿತವನ್ನು ಸೇರಿಸಿದರೆ ನಾನೂರನ್ನು ಮೀರುತ್ತದೆ. ಒತ್ತಕ್ಷರಗಳನ್ನು ಸೇರಿಸಿದರೆ ಇನ್ನೂ ಬೆಳೆಯುತ್ತದೆ. ಊರಿನ ಕನ್ನಡ ಶಾಲೆಯ ಮಗುವಿಗೇ ನಾಲ್ಕು ವರ್ಷ ಹಿಡಿಯುವ ಕೆಲಸವನ್ನು ಭಾನುವಾರದ ಒಂದು ಗಂಟೆಯ ತರಗತಿಯಲ್ಲಿ ಒಂದೇ ವರ್ಷದಲ್ಲಿ ಮುಗಿಸೆಂದು ನಮ್ಮ ಮಕ್ಕಳಿಗೆ ಹೇಳುವುದು ನ್ಯಾಯವೆ?

ಈಗ ಕನ್ನಡಕ್ಕೆ ತಕ್ಕ ಅಳತೆಯಲ್ಲಿ ಏನೇನು ಇರಬೇಕೆಂಬುದನ್ನು ನೋಡೋಣ. ಕೌಟಿಲ್ಯನ ನಾಲ್ಕು ಅಂಶಗಳನ್ನೇ ಹಿಡಿದು ಹೊರಡುತ್ತೇನೆ.

ಮೊದಲನೆಯದು ಅಕ್ಷರ. ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿಯನ್ನು ಕಲಿತವರು. ದೇವನಾಗರಿಯಲ್ಲಿ ಎರಡು ವ್ಯಂಜನಗಳು ಕೂಡಿದರೆ ಸಾಮಾನ್ಯವಾಗಿ ಮೊದಲನೆಯದು ಅರ್ಧವಾಗಿ, ಎರಡನೆಯದು ಪೂರ್ಣವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಅದರ ಕಾಲಡಿಗೆ ಹೋಗುತ್ತದೆ. ಹಾಗೆ ಹೋಗುವಾಗ ತ, ನ, ಮ, ಯ, ರ, ಲ ಇವು ತಮ್ಮ ರೂಪವನ್ನೇ ಬದಲಾಯಿಸಿಕೊಳ್ಳುತ್ತವೆ. ಅಮ್ಮ, ನನ್ನ, ಇಲ್ಲ, ಹತ್ತು ಎಂಬ ಅತ್ಯಂತ ಹತ್ತಿರದ ಮಾತುಗಳಲ್ಲಿಯೇ ಈ ರೂಪಗಳು ಬರುತ್ತವೆ. ಸೂರ್ಯ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು. ಆದರೆ ಅದರ ಗುರುತಾದ ಅರ್ಕಾವತ್ತು ಯಕಾರವಾದ ಮೇಲೆ ನಿಂತಿದೆ. ಹಿಂದಿಯಲ್ಲಿ ಹ್ರಸ್ವವಾದ ಎಕಾರ ಒಕಾರಗಳಿಗೆ ಬೇರೆ ಅಕ್ಷರಗಳಿಲ್ಲ, ಳಕಾರವೂ ಬಳಕೆಯಲ್ಲಿಲ್ಲ. ಆದ್ದರಿಂದ ಬೆಲೆ, ಬೆಳೆ, ಬೇಳೆ ಈ ಮೂರೂ ಮಗುವಿನ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ಹಿಂದಿಯ ರೂಢಿಯಂತೆ ಕೊನೆಯ ಅಕಾರವನ್ನು ನುಂಗಿ 'ಕಮಲ'ವನ್ನು 'ಕಮಲ್' ಎಂದು ಓದುತ್ತದೆ. ಇವು ಬುದ್ಧಿಯ ಕೊರತೆಗಳಲ್ಲ. ಒಂದು ಲಿಪಿಯ ಅಭ್ಯಾಸ ಇನ್ನೊಂದರ ಮೇಲೆ ಬಿದ್ದ ನೆರಳು.

ಎರಡನೆಯದು ಪದದ ಬೆಸುಗೆ. 'ಹೋಗಬೇಕಾಗಿದ್ದವರಿಗೂ' ಎಂಬುದು ಅಚ್ಚಿನಲ್ಲಿ ಒಂದು ಪದ. ಮಾತಿನಲ್ಲಿ ಇದು ಯಾರಿಗೂ ಕಷ್ಟವಲ್ಲ, ಏಕೆಂದರೆ ಕಿವಿ ಅದನ್ನು ತುಂಡುತುಂಡಾಗಿ ಹಿಡಿಯುತ್ತದೆ. ಕಣ್ಣಿಗೆ ಮಾತ್ರ ಒಂಬತ್ತು ಅಕ್ಷರಗಳ ಒಂದು ಗೋಡೆ ಎದುರಾಗುತ್ತದೆ. ಅದರ ಜೊತೆಗೆ ಲೇಖಕರು ಬಿಡಿಸಿ ಬರೆಯಬಹುದಾದಲ್ಲಿಯೂ ಸಂಧಿ ಮಾಡಿ ಬರೆದರೆ ಗೋಡೆ ಇನ್ನೂ ಉದ್ದವಾಗುತ್ತದೆ. 'ಮನೆಯಲ್ಲಿ ಇಲ್ಲದೆ ಇದ್ದಾಗ' ಎಂದೂ ಬರೆಯಬಹುದು, 'ಮನೆಯಲ್ಲಿಲ್ಲದಿದ್ದಾಗ' ಎಂದೂ ಬರೆಯಬಹುದು. ಅರ್ಥ ಒಂದೇ; ಓದುವ ಶ್ರಮ ಒಂದೇ ಅಲ್ಲ.

ಮೂರನೆಯದು ಪದದ ಪರಿಚಯ. ಇಲ್ಲಿ ದೆಹಲಿಯ ಮಗುವಿನ ಸ್ಥಿತಿ ಬಹಳ ವಿಚಿತ್ರವಾದದ್ದು. ಸಂಸ್ಕೃತ ಪದಗಳು ಕಠಿಣ, ದೇಶೀಯ ಪದಗಳು ಸುಲಭ ಎಂಬುದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಹಾಸನದ ಹಳ್ಳಿಯ ಮಗುವಿಗೆ ಇದು ನಿಜವಿರಬಹುದು. ಆದರೆ ಹಿಂದಿಯಲ್ಲಿ ಪಾಠ ಓದಿದ ದೆಹಲಿಯ ಮಗುವಿಗೆ ಆಕಾಶ, ವಾಯು, ವೃಕ್ಷ, ಜಲ ಇವು ಸುಲಿದಿಟ್ಟ ಬಾಳೆಯ ಹಣ್ಣು. ಮುಗಿಲು, ತೆನೆ, ಕಣ, ನೊಗ ಇವೇ ಕಬ್ಬಿಣದ ಕಡಲೆ. ಕಂಡಿಲ್ಲದ ವಸ್ತುವಿನ ಹೆಸರು ಎಷ್ಟು ಚಿಕ್ಕದಾದರೇನು? ಹದಿಮೂರನೆಯ ಶತಮಾನದಲ್ಲಿ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು 'ಕಬ್ಬಿಗರ ಕಾವ'ವನ್ನು ರಚಿಸಿದನು. ಇಂದು ಅದನ್ನು ಓದಲು ನಮಗೆ ನಿಘಂಟು ಬೇಕು. ಪರಿಚಯವೆಂಬುದು ಪದದ ಕುಲದಲ್ಲಿಲ್ಲ, ಓದುಗನ ಬಳಕೆಯಲ್ಲಿದೆ.

ಇದಕ್ಕಿಂತ ಅಪಾಯದ ಸ್ಥಳ ಇನ್ನೊಂದಿದೆ. ಕೆಲವು ಪದಗಳು ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ ರೂಪದಲ್ಲಿದ್ದು ಅರ್ಥದಲ್ಲಿ ಬೇರೆಯಾಗಿವೆ. ಹಿಂದಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯೆ, ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ. ಅಲ್ಲಿ 'ಅವಸರ' ಎಂದರೆ ಅನುಕೂಲವಾದ ಸಮಯ, ಇಲ್ಲಿ ತರಾತುರಿ. ಅಲ್ಲಿ 'ಅವಕಾಶ' ಎಂದರೆ ರಜೆ, ಇಲ್ಲಿ ಅನುಕೂಲ. ಅಲ್ಲಿ 'ಅನುಮಾನ' ಎಂದರೆ ಅಂದಾಜು, ಇಲ್ಲಿ ಸಂಶಯ. ಅಲ್ಲಿ 'ಸಂಸಾರ' ಎಂದರೆ ಜಗತ್ತು, ಇಲ್ಲಿ ಹೆಂಡತಿ ಮಕ್ಕಳು. ನಾನು ಈಗ ಮಾಡುತ್ತಿರುವ 'ಉಪನ್ಯಾಸ'ವೇ ಹಿಂದಿಯಲ್ಲಿ ಕಾದಂಬರಿಯಾಗುತ್ತದೆ. ಅಷ್ಟು ಉದ್ದವಾಗದಂತೆ ನೋಡಿಕೊಳ್ಳುತ್ತೇನೆ. ಇಂಥ ಪದಗಳಲ್ಲಿ ಮಗು ತಡವರಿಸುವುದೇ ಇಲ್ಲ. ಸರಾಗವಾಗಿ ಓದುತ್ತದೆ, ತಪ್ಪಾಗಿ ತಿಳಿಯುತ್ತದೆ. ಯಾವ ಸೂತ್ರವೂ ಇದನ್ನು ಹಿಡಿಯಲಾರದು.

ಇದೇ ತಲೆಬರಹದಡಿಯಲ್ಲಿ ಮನೆಮಾತಿಗೂ ಪುಸ್ತಕದ ಮಾತಿಗೂ ಇರುವ ದೂರವನ್ನು ಸೇರಿಸಬೇಕು. ಮೈಸೂರಿನ ಕಡೆಯ ಮನೆಯಲ್ಲಿ 'ಹೋಗ್ತಾ ಇದೀನಿ' ಎನ್ನುತ್ತಾರೆ, ಧಾರವಾಡದ ಕಡೆ 'ಹೊಂಟೀನಿ' ಎನ್ನುತ್ತಾರೆ, ಪುಸ್ತಕದಲ್ಲಿ 'ಹೋಗುತ್ತಿದ್ದೇನೆ' ಎಂದಿರುತ್ತದೆ. ಮಂಗಳೂರು ಕಡೆಯ ಕೆಲವು ಮನೆಗಳಲ್ಲಿ ತುಳುವೋ ಕೊಂಕಣಿಯೋ ಮನೆಮಾತು. ಊರಿನ ಮಗುವಿಗೆ ಪುಸ್ತಕದ ಕನ್ನಡವು ಶಾಲೆಯಿಂದಲೂ ಪತ್ರಿಕೆಯಿಂದಲೂ ಬಸ್ಸಿನ ಫಲಕದಿಂದಲೂ ಕಿವಿಗೆ ಕಣ್ಣಿಗೆ ಬೀಳುತ್ತಿರುತ್ತದೆ. ನಮ್ಮ ಮಗುವಿಗೆ ಆ ಭಾಗ್ಯವಿಲ್ಲ.

ನಾಲ್ಕನೆಯದು ವಾಕ್ಯದ ಕಟ್ಟಡ. ವಾಕ್ಯ ಉದ್ದವಾದಷ್ಟೂ ಕಠಿಣವೆಂದು ಪಾಶ್ಚಾತ್ಯ ಸೂತ್ರಗಳು ಹೇಳುತ್ತವೆ. ಕನ್ನಡದಲ್ಲಿ ಇದು ಅರ್ಧ ನಿಜ. 'ಕಾಡಿಗೆ ಹೋಗಿ, ಸೌದೆ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಸಂತೆಗೆ ತಂದು, ಮಾರಿ, ಅಕ್ಕಿ ಕೊಂಡು ಮನೆಗೆ ಬಂದ.' ಇದರಲ್ಲಿ ಹದಿನಾರು ಪದಗಳಿವೆ. ಅಜ್ಜಿ ಕಥೆ ಹೇಳುವ ವಾಕ್ಯವೇ ಇಂಥದು. ಒಂದು ಹೆಜ್ಜೆಯಾದ ಮೇಲೆ ಇನ್ನೊಂದು ಹೆಜ್ಜೆ, ಮಗು ಕೈಹಿಡಿದು ನಡೆಯುತ್ತದೆ. ಈಗ ಹತ್ತೇ ಪದಗಳ ಇನ್ನೊಂದನ್ನು ಕೇಳಿ: 'ನಿನ್ನೆ ಊರಿನಿಂದ ಬಂದ ಮಾವ ತಂದ ಬುಟ್ಟಿಯಲ್ಲಿದ್ದ ಹಣ್ಣನ್ನು ತಿಂದ ಹುಡುಗ ನಕ್ಕನು.' ಒಂದು ಪದವೂ ಕಠಿಣವಲ್ಲ. ಆದರೂ ಯಾರ ವಿಷಯ ಹೇಳುತ್ತಿದ್ದಾರೆಂಬುದು ಕೊನೆಯ ಎರಡು ಪದಗಳವರೆಗೆ ತಿಳಿಯುವುದಿಲ್ಲ. ಅಲ್ಲಿಯವರೆಗೆ ಮಾವನನ್ನೂ ಬುಟ್ಟಿಯನ್ನೂ ಹಣ್ಣನ್ನೂ ತಲೆಯ ಮೇಲೆ ಹೊತ್ತು ನಿಂತಿರಬೇಕು. ಅದನ್ನೇ 'ನಿನ್ನೆ ಊರಿನಿಂದ ಮಾವ ಬಂದ. ಬುಟ್ಟಿ ತುಂಬ ಹಣ್ಣು ತಂದ. ಹುಡುಗ ಹಣ್ಣು ತಿಂದು ನಕ್ಕ' ಎಂದರೆ ಪದಗಳು ಎರಡು ಹೆಚ್ಚಾದವು, ಭಾರ ಇಳಿಯಿತು.

ಇಷ್ಟನ್ನು ಕೇಳಿದ ಮೇಲೆ, 'ಇವನ್ನೆಲ್ಲ ಮನೆಯಲ್ಲಿ ಎಣಿಸುತ್ತಾ ಕೂರುವವರು ಯಾರು?' ಎಂದು ತಾವು ಕೇಳಬಹುದು. ಎಣಿಸುವ ಅಗತ್ಯವಿಲ್ಲ. ಹೊಲಿಗೆಯವನು ಬಟ್ಟೆಯನ್ನು ಮೈಗೆ ಹಿಡಿದು ನೋಡುವಂತೆ ಪುಸ್ತಕವನ್ನು ಮಗುವಿಗೆ ಹಿಡಿದು ನೋಡಿದರೆ ಸಾಕು. ಅದಕ್ಕೆ ಮೂರು ಸಣ್ಣ ಪರೀಕ್ಷೆಗಳನ್ನು ಸೂಚಿಸುತ್ತೇನೆ.

ಮೊದಲನೆಯದು ನೂರು ಪದಗಳ ಪರೀಕ್ಷೆ. ಪುಸ್ತಕದ ನಡುವೆ ಎಲ್ಲಿಯಾದರೂ ತೆರೆದು ನೂರು ಪದಗಳನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅರ್ಥ ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳನ್ನು ಮಡಿಸಲಿ. ಐದು ಬೆರಳು ಮುಗಿಯುವುದರೊಳಗೆ ನೂರು ಪದ ಮುಗಿದರೆ ಆ ಪುಸ್ತಕವನ್ನು ಮಗು ತಾನೇ ಓದಬಲ್ಲದು. ಒಂದು ಕೈ ತುಂಬಿ ಎರಡನೆಯದಕ್ಕೆ ಹೋದರೆ ಜೊತೆಯಲ್ಲಿ ಹಿರಿಯರು ಕೂರಬೇಕು. ಎರಡೂ ಕೈ ತುಂಬಿದರೆ ಆ ಪುಸ್ತಕವನ್ನು ಮುಂದಿನ ವರ್ಷಕ್ಕೆ ಎತ್ತಿಡಿ.

ಎರಡನೆಯದು ಬಿಟ್ಟ ಸ್ಥಳ ತುಂಬುವ ಪರೀಕ್ಷೆ. ೧೯೫೩ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕದವರು ಇದನ್ನು ಬಳಕೆಗೆ ತಂದರು. ಒಂದು ಪುಟದಲ್ಲಿ ಪ್ರತಿ ಐದನೆಯ ಪದವನ್ನು ಮರೆಮಾಡಿ, ಅದೇನಿರಬಹುದೆಂದು ಓದುಗನನ್ನೇ ಕೇಳುವುದು. ಬರಹವನ್ನಷ್ಟೇ ಅಳೆಯದೆ ಬರಹವೂ ಓದುಗನೂ ಸೇರುವ ಬಿಂದುವನ್ನು ಅಳೆಯುವುದು ಇದರ ಗುಣ. ಕನ್ನಡದಲ್ಲಿ ಮಾಡುವಾಗ ಒಂದು ರಿಯಾಯಿತಿ ಕೊಡಬೇಕು: 'ಮನೆಯಿಂದ' ಎನ್ನಬೇಕಾದಲ್ಲಿ ಮಗು 'ಮನೆಗೆ' ಎಂದರೆ ಅರ್ಧ ಅಂಕ ಕೊಡಿ. ಮಾತು ಸಿಕ್ಕಿದೆ, ಪ್ರತ್ಯಯ ಸಿಕ್ಕಿಲ್ಲ. ಯಾವುದನ್ನು ಕಲಿಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ಮೂರನೆಯದು ಕಿವಿಯ ಪರೀಕ್ಷೆ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಗು ಓದಲಾರದೆ ಬಿಟ್ಟ ಅದೇ ಪುಟವನ್ನು ತಾವು ನಿಧಾನವಾಗಿ ಓದಿ ಹೇಳಿ, ಬಳಿಕ ಕಥೆ ಏನೆಂದು ಕೇಳಿ. ಮಗು ಕಥೆಯನ್ನು ಸರಿಯಾಗಿ ಹೇಳಿದರೆ ಅದಕ್ಕೆ ಕನ್ನಡ ಬರುತ್ತದೆ. ಬಾರದಿರುವುದು ಅಕ್ಷರ ಮಾತ್ರ. ಅಂಥ ಮಗುವಿಗೆ ಬೇಕಾದದ್ದು ದಪ್ಪ ಅಕ್ಷರದ, ಒತ್ತು ಕಡಮೆಯಿರುವ, ಬಿಡಿಸಿ ಬರೆದ ಪುಸ್ತಕ ಮತ್ತು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ. ಕೇಳಿದರೂ ತಿಳಿಯದಿದ್ದರೆ ಕೊರತೆ ಅಕ್ಷರದ್ದಲ್ಲ, ಮಾತಿನದು. ಅಂಥ ಮಗುವಿಗೆ ಬೇಕಾದದ್ದು ಕಾಪಿ ಪುಸ್ತಕವಲ್ಲ, ಮನೆಯಲ್ಲಿ ಇನ್ನಷ್ಟು ಕನ್ನಡದ ಮಾತು. ಈ ಎರಡು ರೋಗಗಳಿಗೂ ಒಂದೇ ಹೆಸರು 'ಕಷ್ಟ'. ಔಷಧಗಳು ಬೇರೆ ಬೇರೆ. ಅಳೆಯದೆ ಔಷಧ ಕೊಟ್ಟುದರಿಂದಲೇ ಎಷ್ಟೋ ಮಕ್ಕಳು ಕನ್ನಡದ ಓದಿಗೆ ಬೆನ್ನು ತಿರುಗಿಸಿರುವುದು.

ಪುಸ್ತಕಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ಪದ್ಧತಿ ಕನ್ನಡಕ್ಕೂ ಬಂ​ದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ೨೦೧೫ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳನ್ನು ಹಣ ಕೊಡದೆ ಓದಬಹುದು. ಅವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಮೊದಲ ಮೆಟ್ಟಿಲಿನವು ೨೫೦ ಪದಗಳೊಳಗಿನವು, ಕೊನೆಯವು ೧೫೦೦ ಪದಗಳನ್ನು ಮೀರಿದವು. ಆದರೆ ಆ ಗುರುತನ್ನೇ ನಂಬಿ ಕೂರಬಾರದು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕಥೆಯಲ್ಲಿ ಪದಗಳ ಸಂಖ್ಯೆ ಇಳಿಯುತ್ತದೆ, ಪದಗಳ ಉದ್ದ ಏರುತ್ತದೆ. ಮೇಲಿನ ಮೂರು ಪರೀಕ್ಷೆಗಳನ್ನು ಅಲ್ಲಿಯೂ ಮಾಡಿ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಕರ್ತವ್ಯಲೋಪವಾಗುತ್ತದೆ. ಅಳತೆ ಇರುವುದು ಏಣಿ ಕಟ್ಟುವುದಕ್ಕೆ, ಬೇಲಿ ಹಾಕುವುದಕ್ಕಲ್ಲ. ಅಂಕ ಕಡಮೆ ಬಂತೆಂದು ಲೇಖಕನು ಎಲ್ಲ ವಾಕ್ಯಗಳನ್ನೂ ಕತ್ತರಿಸಿ, ಎಲ್ಲ ಒಳ್ಳೆಯ ಮಾತುಗಳನ್ನೂ ತೆಗೆದುಹಾಕಿದರೆ ಉಳಿಯುವುದು ಸಪ್ಪೆ ಗಂಜಿ. ನಮ್ಮ ಹಿಂದಿನವರು ಕಠಿಣವಾದದ್ದಕ್ಕೆ ಹೆದರಿ ಅದನ್ನು ಬಿಟ್ಟುಬಿಡಲಿಲ್ಲ. ಅಕ್ಷರ ಬಾರದ ರೈತರೂ ಹೆಣ್ಣುಮಕ್ಕಳೂ ಜಗುಲಿಯ ಮೇಲೆ ಕುಳಿತು ಕುಮಾರವ್ಯಾಸನ ಭಾರತವನ್ನು ಸವಿದರು. ಹೇಗೆ? ಗಮಕಿ ಓದುತ್ತಿದ್ದ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಕಾವ್ಯದ ಕಾಠಿನ್ಯವನ್ನು ಇಳಿಸಲಿಲ್ಲ. ಅದನ್ನು ಹೊರುವುದಕ್ಕೆ ಇನ್ನೊಂದು ಹೆಗಲನ್ನು ಕೊಟ್ಟರು. ನಮ್ಮ ಮನೆಗಳಲ್ಲಿಯೂ ತಾನೇ ಓದುವ ಪುಸ್ತಕ ಒಂದಿರಲಿ, ಒಂದು ಮೆಟ್ಟಿಲು ಕೆಳಗಿನದು; ಹಿರಿಯರು ಓದಿ ಹೇಳುವ ಪುಸ್ತಕ ಇನ್ನೊಂದಿರಲಿ, ಎರಡು ಮೆಟ್ಟಿಲು ಮೇಲಿನದು. ಮೊದಲನೆಯದರಿಂದ ಕಣ್ಣು ಪಳಗುತ್ತದೆ, ಎರಡನೆಯದರಿಂದ ಕಿವಿ ಬೆಳೆಯುತ್ತದೆ.

ಕೊನೆಯದಾಗಿ ಸಂಘದ ಕಾರ್ಯಕರ್ತರಲ್ಲಿ ಮೂರು ಅರಿಕೆಗಳು. ಒಂದು, ಪುಸ್ತಕ ಭಂಡಾರದಲ್ಲಿರುವ ಮಕ್ಕಳ ಪುಸ್ತಕಗಳನ್ನು ಮೂರು ಬಣ್ಣದ ಚೀಟಿಗಳಿಂದ ಗುರುತಿಸಬಹುದು: ತಾನೇ ಓದಬಹುದಾದವು, ಜೊತೆಯಲ್ಲಿ ಓದಬೇಕಾದವು, ಓದಿ ಹೇಳಬೇಕಾದವು. ಈ ವಿಂಗಡಣೆಯನ್ನು ಹಿರಿಯರು ಕುಳಿತು ಮಾಡುವುದು ಬೇಡ; ಮಕ್ಕಳ ಕೈಯಲ್ಲಿಯೇ ಓದಿಸಿ ನೋಡಿ ಮಾಡಬೇಕು. ಎರಡು, ಹಿಂದಿ ಕಲಿತ ಮಕ್ಕಳಿಗೆಂದೇ ಒಂದು ಸಣ್ಣ ಕೈಪಿಡಿ ಬೇಕು. ಊರಿನಲ್ಲಿ ಅಚ್ಚಾದ ಪಠ್ಯಗಳು ಊರಿನ ಮಗುವಿಗಾಗಿ ಬರೆದವು. ಬೆಲೆ, ಬೆಳೆ, ಬೇಳೆಗಳ ಭೇದವನ್ನೂ, 'ಶಿಕ್ಷಾ' ಮತ್ತು 'ಶಿಕ್ಷೆ'ಗಳ ಅಂತರವನ್ನೂ ಮೊದಲ ಪುಟಗಳಲ್ಲಿಯೇ ಹೇಳುವ ಪುಸ್ತಕವನ್ನು ಪರಸ್ಥಳದಲ್ಲಿರುವ ನಾವೇ ಬರೆದುಕೊಳ್ಳಬೇಕು. ಮೂರು, ನಮ್ಮ ಆಹ್ವಾನಪತ್ರಿಕೆ, ಪ್ರಕಟಣೆ, ಈ ಸ್ಮರಣ ಸಂಚಿಕೆ ಇವುಗಳ ಭಾಷೆಯನ್ನೂ ಒಮ್ಮೆ ಅಳೆದು ನೋಡಬೇಕು. ಹತ್ತು ವರ್ಷದ ಮಗು ತನ್ನ ಹಬ್ಬದ ಕರೆಯೋಲೆಯನ್ನೇ ಓದಲಾರದೆ ಹೋದರೆ ಆ ಕರೆ ಯಾರಿಗೆ ಕೊಟ್ಟಂತಾಯಿತು? ಸಂಚಿಕೆಯ ಎರಡು ಪುಟಗಳಾದರೂ ಮಕ್ಕಳು ತಾವಾಗಿ ಓದುವಂತಿರಲಿ.

ಕನ್ನಡ ಕಷ್ಟವೆಂದು ಮಗು ಹೇಳಿದಾಗ ಅದನ್ನು ದೂರೆಂದು ತಿಳಿಯದೆ ಸುಳಿವೆಂದು ತಿಳಿಯೋಣ. ಯಾವ ಅಕ್ಷರದಲ್ಲಿ, ಯಾವ ಪದದಲ್ಲಿ, ಯಾವ ವಾಕ್ಯದಲ್ಲಿ ಕಷ್ಟ ಎಂದು ಪಕ್ಕದಲ್ಲಿ ಕುಳಿತು ಕೇಳೋಣ. ಹಾಗೆ ಕೇಳುವ ಹತ್ತು ನಿಮಿಷಗಳೇ ಅರ್ಧ ಕಷ್ಟವನ್ನು ಕಳೆಯುತ್ತವೆಂದು ನನ್ನ ನಂಬಿಕೆ. 

ಸಿರಿಗನ್ನಡಂ ಗೆಲ್ಗೆ.